ಎಲಿಜಬೆತ್ ಜಿಮ್ಮರ್‌ಮನ್

ಎಲಿಜಬೆತ್ ಜಿಮ್ಮರ್‌ಮನ್ (9 ಆಗಸ್ಟ್ 1910 – 30 ನವೆಂಬರ್ 1999) ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಹೆಣಿಗೆ ವಿನ್ಯಾಸಕಿ, ಶಿಕ್ಷಕಿ ಮತ್ತು ಲೇಖಕಿ. ಉಣ್ಣೆಯ ಉಡುಪನ್ನು ತುಂಡುತುಂಡಾಗಿ ಹೆಣೆದು ಹೊಲಿದು ಜೋಡಿಸುವುದು ರೂಢಿಯಾಗಿದ್ದ ಕಾಲದಲ್ಲಿ, ಬಳುಕುವ ವೃತ್ತಾಕಾರದ ಕಡ್ಡಿಯ ಮೇಲೆ ಸುತ್ತುಸುತ್ತಾಗಿ, ಹೊಲಿಗೆಯಿಲ್ಲದೆ ಹೆಣೆಯುವ ಕ್ರಮವನ್ನು ಇವರು ಪ್ರಚಾರಕ್ಕೆ ತಂದರು. ಅಚ್ಚಾದ ಸೂಚನೆಗಳನ್ನು ಅಕ್ಷರಶಃ ಪಾಲಿಸುವ ಬದಲು ಹೆಣೆಯುವವರು ತಾವೇ ಅಳೆದು, ಲೆಕ್ಕ ಹಾಕಿ, ತೀರ್ಮಾನಿಸಬೇಕೆಂಬುದು ಇವರ ಬೋಧನೆಯ ತಿರುಳು.

ಬಾಲ್ಯ ಮತ್ತು ವಲಸೆ

ಇವರ ತವರಿನ ಹೆಸರು ಲಾಯ್ಡ್-ಜೋನ್ಸ್. ತಂದೆ ಬ್ರಿಟಿಷ್ ನೌಕಾಪಡೆಯ ಅಧಿಕಾರಿಯಾಗಿದ್ದರು. ಹೆಣಿಗೆಯ ಮೊದಲ ಪಾಠ ತಾಯಿಯಿಂದ ದೊರೆಯಿತು. ಅದು ನೂಲನ್ನು ಬಲಗೈಯಲ್ಲಿ ಹಿಡಿದು ಕಡ್ಡಿಗೆ ಸುತ್ತುವ ಇಂಗ್ಲಿಷ್ ಕ್ರಮ. ನೂಲನ್ನು ಎಡಗೈಯಲ್ಲಿ ಹಿಡಿದು ಕಡ್ಡಿಯ ತುದಿಯಿಂದ ಎಳೆದುಕೊಳ್ಳುವ ಯುರೋಪ್ ಖಂಡದ ಕ್ರಮವನ್ನು ಮನೆಯಲ್ಲಿದ್ದ ಶಿಕ್ಷಕಿಯಿಂದ ಕಲಿತರು. ಎರಡನೆಯದು ಹೆಚ್ಚು ವೇಗದ್ದು, ಕೈಗೆ ಕಡಿಮೆ ಶ್ರಮದ್ದು ಎಂಬುದು ಇವರ ಅಭಿಪ್ರಾಯವಾಗಿತ್ತು. ಜರ್ಮನಿಯೊಡನೆ ನಡೆದ ಯುದ್ಧದ ಕಾರಣದಿಂದ ಆ ಕ್ರಮ ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿ ಜನರ ಒಲವನ್ನು ಕಳೆದುಕೊಂಡಿತು. ಅದು ಅಮೆರಿಕದಲ್ಲಿ ಮತ್ತೆ ಬಳಕೆಗೆ ಬರಲು ಇವರ ಪುಸ್ತಕಗಳು ಬಹುಮಟ್ಟಿಗೆ ಕಾರಣವಾದವು.

ಸ್ವಿಟ್ಜರ್ಲೆಂಡಿನ ಲೊಸಾನ್ ಮತ್ತು ಜರ್ಮನಿಯ ಮ್ಯೂನಿಕ್ ನಗರಗಳಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಬಿಯರ್ ತಯಾರಿಕೆಯ ತಜ್ಞರಾಗಿದ್ದ ಜರ್ಮನ್ ಮೂಲದ ಆರ್ನಾಲ್ಡ್ ಜಿಮ್ಮರ್‌ಮನ್ ಅವರನ್ನು ವಿವಾಹವಾಗಿ 1937ರಲ್ಲಿ ಅಮೆರಿಕಕ್ಕೆ ವಲಸೆ ಹೋದರು. ದಂಪತಿಗಳಿಗೆ ಮೂವರು ಮಕ್ಕಳು. ಕುಟುಂಬವು ಕೊನೆಗೆ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಯೂರಿತು. ಅಲ್ಲಿ ಹಳೆಯ ಶಾಲಾ ಕಟ್ಟಡವೊಂದನ್ನು ಮನೆಯಾಗಿ ಪರಿವರ್ತಿಸಿಕೊಂಡರು.

ಪ್ರಕಾಶಕರೊಡನೆ ಭಿನ್ನಮತ

1950ರ ದಶಕದಲ್ಲಿ ಇವರು ಪತ್ರಿಕೆಗಳಿಗೂ ನೂಲು ತಯಾರಿಸುವ ಕಂಪನಿಗಳಿಗೂ ವಿನ್ಯಾಸಗಳನ್ನು ಮಾರತೊಡಗಿದರು. ಅವುಗಳಲ್ಲಿ ಒಂದು, ಭುಜದ ಸುತ್ತ ಬಣ್ಣದ ಚಿತ್ತಾರವಿರುವ ಸ್ವೆಟರ್. ಇವರು ಅದನ್ನು ಕೊಳವೆಯಂತೆ ಸುತ್ತುಸುತ್ತಾಗಿ ಹೆಣೆದಿದ್ದರು. ಆದರೆ ಪ್ರಕಟವಾದ ಸೂಚನೆಗಳಲ್ಲಿ ಅದನ್ನು ನೇರ ಕಡ್ಡಿಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಹೆಣೆಯುವಂತೆ ತಿದ್ದಲಾಗಿತ್ತು.

ಹೊರನೋಟಕ್ಕೆ ಇದು ಸಣ್ಣ ಬದಲಾವಣೆ. ಕೈಯಲ್ಲಿ ಕಡ್ಡಿ ಹಿಡಿದವರಿಗೆ ಹಾಗಲ್ಲ. ಸುತ್ತುಸುತ್ತಾಗಿ ಹೆಣೆಯುವಾಗ ಬಟ್ಟೆಯ ಮುಂಬದಿ ಸದಾ ಕಣ್ಣೆದುರಿಗೇ ಇರುತ್ತದೆ; ಚಿತ್ತಾರ ತಪ್ಪಿದರೆ ಕೂಡಲೇ ಕಾಣುತ್ತದೆ. ಹಿಂದೆ ಮುಂದೆ ಹೆಣೆಯುವಾಗ ಪ್ರತಿ ಎರಡನೆಯ ಸಾಲನ್ನು ಹಿಂಬದಿಯಿಂದ, ಚಿತ್ತಾರವನ್ನು ಕಾಣದೆ, ಉಲ್ಟಾ ಕುಣಿಕೆಗಳಲ್ಲಿ ಹೆಣೆಯಬೇಕು. ಕೊನೆಗೆ ಹೊಲಿಗೆಯ ಕೆಲಸ ಬೇರೆ. ಸಂಪಾದಕರಿಗೆ ಓದುಗರ ರೂಢಿ ಮುಖ್ಯವಾಗಿತ್ತು. ಇವರಿಗೆ ವಿನ್ಯಾಸದ ಮೂಲ ಉದ್ದೇಶವೇ ಕಳೆದುಹೋದಂತಾಗಿತ್ತು.

ಈ ಅನುಭವದ ಫಲವಾಗಿ 1958ರಲ್ಲಿ ಸ್ವಂತ ಸುದ್ದಿಪತ್ರವನ್ನು ಆರಂಭಿಸಿದರು. ವಿನ್ಯಾಸಗಳನ್ನು ತಾವು ಹೆಣೆದ ರೀತಿಯಲ್ಲೇ, ತಮ್ಮದೇ ಮಾತುಗಳಲ್ಲಿ, ಹಾಸ್ಯ ಬೆರೆಸಿ ಓದುಗರಿಗೆ ತಲುಪಿಸಿದರು. ಈ ಪತ್ರ 1968ರವರೆಗೆ ನಡೆಯಿತು. ಬಳಿಕ ವೂಲ್ ಗ್ಯಾದರಿಂಗ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ನೂಲು ಮತ್ತು ವೃತ್ತಾಕಾರದ ಕಡ್ಡಿಗಳನ್ನು ಅಂಚೆಯ ಮೂಲಕ ಮಾರುವ ವ್ಯವಹಾರವೂ ಇದರೊಡನೆ ಬೆಳೆದು, ಸ್ಕೂಲ್‌ಹೌಸ್ ಪ್ರೆಸ್ ಎಂಬ ಪ್ರಕಾಶನ ಸಂಸ್ಥೆಯಾಯಿತು.

ಟೋಪಿಯಿಂದ ಆರಂಭವಾಗುವ ಲೆಕ್ಕ

ಹೆಣಿಗೆಯ ಎಲ್ಲ ಅಳತೆಗಳಿಗೂ ಆಧಾರವಾದುದು ಗೇಜ್, ಅಂದರೆ ಒಂದು ಅಂಗುಲ ಅಗಲದಲ್ಲಿ ಎಷ್ಟು ಕುಣಿಕೆಗಳು ಬರುತ್ತವೆ ಎಂಬ ಎಣಿಕೆ. ನೂಲಿನ ದಪ್ಪ, ಕಡ್ಡಿಯ ಗಾತ್ರ ಮತ್ತು ಹೆಣೆಯುವವರ ಕೈಯ ಬಿಗಿ ಇದನ್ನು ನಿರ್ಧರಿಸುತ್ತವೆ. ಒಬ್ಬರ ಗೇಜ್ ಇನ್ನೊಬ್ಬರದಾಗದು. ಸಣ್ಣ ವ್ಯತ್ಯಾಸವೂ ದೊಡ್ಡ ಉಡುಪಿನಲ್ಲಿ ಬಹಳವಾಗುತ್ತದೆ. ಅಂಗುಲಕ್ಕೆ 5 ಕುಣಿಕೆ ಎಂದೆಣಿಸಿ 40 ಅಂಗುಲ ಎದೆಸುತ್ತಿಗೆ 200 ಕುಣಿಕೆ ಹಾಕಿದವರ ಗೇಜ್ ನಿಜದಲ್ಲಿ ಐದೂವರೆ ಇದ್ದರೆ, ಸ್ವೆಟರಿನ ಸುತ್ತಳತೆ 36 ಅಂಗುಲಕ್ಕಿಂತ ಸ್ವಲ್ಪವಷ್ಟೇ ಹೆಚ್ಚಾಗುತ್ತದೆ. ವಾರಗಟ್ಟಲೆಯ ಕೆಲಸ ಯಾರಿಗೂ ಹೊಂದದೆ ಹೋಗುತ್ತದೆ.

ಇದನ್ನು ತಪ್ಪಿಸಲು ಮೊದಲು ಚೌಕಾಕಾರದ ಮಾದರಿಯೊಂದನ್ನು ಹೆಣೆದು ಅಳೆಯುವುದು ವಾಡಿಕೆ. ಜಿಮ್ಮರ್‌ಮನ್ ಇದರಲ್ಲಿ ಒಂದು ಕೊರತೆಯನ್ನು ಗುರುತಿಸಿದರು. ಚೌಕದಲ್ಲಿ ಸಾದಾ ಮತ್ತು ಉಲ್ಟಾ ಸಾಲುಗಳು ಸರದಿಯಂತೆ ಬರುತ್ತವೆ. ಬಹಳ ಮಂದಿಯ ಕೈಯಲ್ಲಿ ಇವೆರಡರ ಬಿಗಿ ಒಂದೇ ಆಗಿರುವುದಿಲ್ಲ. ಸುತ್ತುಸುತ್ತಾದ ಹೆಣಿಗೆಯಲ್ಲಾದರೋ ಎಲ್ಲ ಸುತ್ತುಗಳೂ ಸಾದಾ. ಆದ್ದರಿಂದ ಚೌಕದ ಗೇಜ್ ಕೊಳವೆಯಾಕಾರದ ಉಡುಪಿಗೆ ಸರಿಹೊಂದದು. ಮಾದರಿಯಾಗಿ ಟೋಪಿಯೊಂದನ್ನೇ ಹೆಣೆಯಿರಿ ಎಂಬುದು ಇವರ ಸಲಹೆ. ಟೋಪಿಯು ಸಣ್ಣ ಕೊಳವೆ. ಅದರ ಮೇಲೆ ಅಳೆದ ಗೇಜ್ ನಂಬಲರ್ಹ. ಎಣಿಸಿದಂತೆ ಬಾರದಿದ್ದರೂ ನೂಲು ವ್ಯರ್ಥವಾಗದು, ಏಕೆಂದರೆ ಯಾವುದಾದರೂ ಅಳತೆಯ ತಲೆ ಮನೆಯಲ್ಲಿ ಇದ್ದೇ ಇರುತ್ತದೆ.

ಇಂತಹ ಟೋಪಿಯ ಲೆಕ್ಕ ಸರಳ. ತಲೆಯ ಸುತ್ತಳತೆ 20 ಅಂಗುಲ, ಗೇಜ್ 5 ಎಂದಿಟ್ಟುಕೊಂಡರೆ 100 ಕುಣಿಕೆಗಳು ಬೇಕು. ಹೆಣಿಗೆ ಹಿಗ್ಗುವುದರಿಂದ, 8ರಿಂದ ಭಾಗವಾಗುವ 96 ಸಾಕು. ಅವನ್ನು ವೃತ್ತಾಕಾರದ ಕಡ್ಡಿಗೆ ಹಾಕಿ, ತಿರುಚಿಕೊಳ್ಳದಂತೆ ನೋಡಿಕೊಂಡು, ಸುತ್ತನ್ನು ಕೂಡಿಸಬೇಕು. ಅಂಚು ಸುರುಳಿಗೊಳ್ಳದಿರಲು ಮೊದಲ ಕೆಲವು ಸುತ್ತುಗಳಲ್ಲಿ ಎರಡು ಸಾದಾ, ಎರಡು ಉಲ್ಟಾ ಕುಣಿಕೆಗಳನ್ನು ಹೆಣೆಯುವುದುಂಟು. ಬೇಕಾದಷ್ಟು ಎತ್ತರವಾದ ಮೇಲೆ ಕುಣಿಕೆಗಳನ್ನು 12ರಂತೆ 8 ಭಾಗ ಮಾಡಿ, ಒಂದು ಸುತ್ತು ಬಿಟ್ಟು ಒಂದರಲ್ಲಿ ಪ್ರತಿ ಭಾಗದಲ್ಲೂ ಎರಡು ಕುಣಿಕೆಗಳನ್ನು ಒಂದಾಗಿಸುತ್ತಾ ಹೋದರೆ ಪ್ರತಿ ಬಾರಿಯೂ 8 ಕಡಿಮೆಯಾಗುತ್ತವೆ. ಸುತ್ತು ಚಿಕ್ಕದಾದಂತೆ ಎರಡೂ ತುದಿ ಚೂಪಾದ ಗಿಡ್ಡ ಕಡ್ಡಿಗಳಿಗೆ ಬದಲಾಯಿಸಿಕೊಳ್ಳಬೇಕಾಗುತ್ತದೆ. ಕೊನೆಗೆ ಉಳಿದ 8 ಕುಣಿಕೆಗಳೊಳಗೆ ನೂಲನ್ನು ಪೋಣಿಸಿ ಎಳೆದರೆ ನೆತ್ತಿ ಮುಚ್ಚಿಕೊಳ್ಳುತ್ತದೆ. ಇಷ್ಟನ್ನು ಅರಿತವರಿಗೆ ಕೂಸಿನ ಕುಲಾವಿಗೂ ದೊಡ್ಡವರ ಟೋಪಿಗೂ ಬೇರೆ ಬೇರೆ ಸೂಚನೆಗಳ ಅಗತ್ಯ ಬೀಳದು.

ಇದೇ ತರ್ಕವನ್ನು ಇವರು ಸ್ವೆಟರಿಗೂ ವಿಸ್ತರಿಸಿದರು. ಎದೆಸುತ್ತಿನ ಕುಣಿಕೆಗಳನ್ನು ನೂರು ಎಂದೆಣಿಸಿ, ಮಣಿಕಟ್ಟಿಗೆ ಅದರ ಶೇಕಡಾ 20, ಕುತ್ತಿಗೆಗೆ ಶೇಕಡಾ 40ರಷ್ಟು ಎಂದು ಉಳಿದ ಭಾಗಗಳ ಪ್ರಮಾಣವನ್ನು ಗೊತ್ತುಪಡಿಸಿದರು. 200 ಕುಣಿಕೆಗಳ ಸ್ವೆಟರಿಗೆ ಮಣಿಕಟ್ಟು 40, ಕುತ್ತಿಗೆ 80. ಇದು ಎಲಿಜಬೆತ್ತರ ಶೇಕಡಾ ಪದ್ಧತಿ ಎಂದು ಹೆಸರಾಗಿದೆ.

ಇತರ ವಿನ್ಯಾಸಗಳು

ಪೈ ಶಾಲು ಇವರ ಗಣಿತಪ್ರಜ್ಞೆಗೆ ಉತ್ತಮ ನಿದರ್ಶನ. ವೃತ್ತದ ತ್ರಿಜ್ಯ ಇಮ್ಮಡಿಯಾದಾಗ ಪರಿಧಿಯೂ ಇಮ್ಮಡಿಯಾಗುತ್ತದೆ ಎಂಬ ಶಾಲಾಪಾಠವೇ ಇದರ ಆಧಾರ. ನಡುವಿನಲ್ಲಿ 9 ಕುಣಿಕೆಗಳಿಂದ ಆರಂಭಿಸಿ 18, 36, 72, 144 ಎಂದು ಇಮ್ಮಡಿಸುತ್ತಾ, ನಡುನಡುವೆ 3, 6, 12, 24 ಸುತ್ತುಗಳನ್ನು ಏರಿಳಿತವಿಲ್ಲದೆ ಹೆಣೆಯಲಾಗುತ್ತದೆ. ಆ ಸುತ್ತುಗಳಲ್ಲಿ ಹೆಣೆಯುವವರು ತಮಗಿಷ್ಟವಾದ ಜಾಲರಿಯನ್ನು ತುಂಬಿಕೊಳ್ಳಬಹುದು.

1968ರ ಬೇಬಿ ಸರ್‌ಪ್ರೈಸ್ ಜಾಕೆಟ್ ಇನ್ನೂ ವಿಚಿತ್ರ. ಹೆಣೆದು ಮುಗಿದಾಗ ಅದು ಆಕಾರವೇ ತಿಳಿಯದ ಒಂದೇ ತುಂಡು. ಕಾಗದದ ಆಟಿಕೆಯಂತೆ ಮಡಚಿ ಭುಜಗಳೆರಡನ್ನು ಹೊಲಿದೊಡನೆ ಮಗುವಿನ ಅಂಗಿಯಾಗುತ್ತದೆ. ಎರಡು ಕಡ್ಡಿಗಳಲ್ಲಿ ಕೆಲವೇ ಕುಣಿಕೆಗಳನ್ನು ಹೊರಳಿಸದೆ, ಕಡ್ಡಿಯ ಇನ್ನೊಂದು ತುದಿಗೆ ಜಾರಿಸಿ ಹೆಣೆಯುವ ಐ-ಕಾರ್ಡ್ ಎಂಬ ದುಂಡು ದಾರವನ್ನೂ ಇವರು ಜನಪ್ರಿಯಗೊಳಿಸಿದರು. ಟೋಪಿಯ ಲಾಡಿ, ಕೈಗವಸಿನ ದಾರ, ಅಂಗಿಯ ಅಂಚು, ಎಲ್ಲಕ್ಕೂ ಅದು ಒದಗುತ್ತದೆ. ಇವುಗಳಲ್ಲಿ ಯಾವುದನ್ನೂ ತಾವು ಹೊಸದಾಗಿ ಕಂಡುಹಿಡಿದೆವೆಂದು ಇವರು ಹೇಳಿಕೊಳ್ಳಲಿಲ್ಲ. ಹಿಂದೆ ಎಲ್ಲಿಯೋ ಯಾರೋ ಹೆಣೆದಿದ್ದನ್ನೇ ತಾವು ಮರಳಿ ಕಂಡಿರಬೇಕೆಂಬುದು ಇವರ ನಿಲುವು. ಅದಕ್ಕಾಗಿ ಇಂಗ್ಲಿಷಿನಲ್ಲಿ ಒಂದು ಪದವನ್ನೇ ಟಂಕಿಸಿದ್ದರು.

ಕೃತಿಗಳು ಮತ್ತು ಬೋಧನೆ

ಮೊದಲ ಪುಸ್ತಕ ನಿಟ್ಟಿಂಗ್ ವಿದೌಟ್ ಟಿಯರ್ಸ್ 1971ರಲ್ಲಿ ಹೊರಬಂದಿತು. ವರ್ಷದ ತಿಂಗಳಿಗೊಂದು ಅಧ್ಯಾಯದಂತೆ ರಚಿತವಾದ ನಿಟರ್ಸ್ ಆಲ್ಮನಾಕ್ (1974), ನಿಟ್ಟಿಂಗ್ ವರ್ಕ್‌ಶಾಪ್ (1981) ಮತ್ತು ಆತ್ಮಕಥನವನ್ನೂ ವಿನ್ಯಾಸಗಳನ್ನೂ ಒಟ್ಟಿಗೆ ಹೆಣೆದ ನಿಟ್ಟಿಂಗ್ ಅರೌಂಡ್ (1989) ಇತರ ಪ್ರಮುಖ ಕೃತಿಗಳು. ಸೂಚನೆಗಳನ್ನು ಇವರು ಸಂಕೇತಾಕ್ಷರಗಳ ಸಾಲಾಗಿ ಬರೆಯದೆ, ಎದುರು ಕುಳಿತವರೊಡನೆ ಮಾತನಾಡುವಂತೆ ಬರೆದರು. ಹೊಸಬರಿಗೆ ಇದು ಕೆಲವೊಮ್ಮೆ ಕಠಿಣವೆನಿಸುವುದೂ ಉಂಟು. ಪ್ರತಿ ಸಾಲಿಗೂ ಸೂಚನೆ ಬಯಸುವವರಿಗೆ ಇವರ ಪುಸ್ತಕಗಳು ಅಷ್ಟಾಗಿ ಒಗ್ಗುವುದಿಲ್ಲ.

ಸಾರ್ವಜನಿಕ ದೂರದರ್ಶನದಲ್ಲಿ ದಿ ಬ್ಯುಸಿ ನಿಟರ್ ಎಂಬ ಪಾಠಸರಣಿಯನ್ನು ನಡೆಸಿಕೊಟ್ಟರು. 1974ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಆರಂಭಿಸಿದ ವಾರ್ಷಿಕ ಹೆಣಿಗೆ ಶಿಬಿರವು ಇವರ ನಂತರವೂ ಮುಂದುವರಿಯಿತು.

ಇವರು 1999ರ ನವೆಂಬರ್ 30ರಂದು ವಿಸ್ಕಾನ್ಸಿನ್‌ನಲ್ಲಿ ನಿಧನರಾದರು. ಪ್ರಕಾಶನದ ಹೊಣೆಯನ್ನು ಮಗಳು, ಸ್ವತಃ ಹೆಣಿಗೆ ವಿನ್ಯಾಸಕಿಯಾದ ಮೆಗ್ ಸ್ವಾನ್ಸನ್ ವಹಿಸಿಕೊಂಡರು. 1958ರಿಂದ 1968ರವರೆಗಿನ ಸುದ್ದಿಪತ್ರಗಳು ದಿ ಒಪಿನಿಯನೇಟೆಡ್ ನಿಟರ್ ಎಂಬ ಸಂಪುಟವಾಗಿ ಮರಣಾನಂತರ ಪ್ರಕಟವಾಗಿವೆ.