ಸಣ್ಣ ಟ್ರ್ಯಾಕ್ಟರಿಗೆ ಬಲ ಕೊಟ್ಟ ಹ್ಯಾರಿ ಫರ್ಗ್ಯುಸನ್

ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರ್ ನೋಡದ ರೈತರು ನಮ್ಮ ಗದಗ ಭಾಗದಾಗ ಇಲ್ಲ. ಆ ಹೆಸರಿನ ಹ್ಯಾರಿ ಫರ್ಗ್ಯುಸನ್ನರು ಒಕ್ಕಲಿಗನ ಮಗ ಎಂಬುದು ಮಾತ್ರ ಬಹಳ ಮಂದಿಗೆ ತಿಳಿದಿಲ್ಲ.

ಇವರು ಹುಟ್ಟಿದ್ದು 1884ರಲ್ಲಿ, ಐರ್ಲೆಂಡಿನ ಒಂದು ಹಳ್ಳಿಯಲ್ಲಿ. ಒಕ್ಕಲುತನ ಒಗ್ಗದೆ ಅಣ್ಣನ ಮೋಟಾರು ರಿಪೇರಿ ಕೆಲಸಕ್ಕೆ ಸೇರಿದರು. 1909ರಲ್ಲಿ ತಾವೇ ಕಟ್ಟಿದ ವಿಮಾನ ಹಾರಿಸಿದರು. 1917ರಲ್ಲಿ ಸರ್ಕಾರದ ಪರವಾಗಿ ಊರೂರು ತಿರುಗಿ ಟ್ರ್ಯಾಕ್ಟರ್ ಕೆಲಸ ನೋಡುವಾಗ ಅದರ ದೋಷ ಕಂಡರು. ಆಗ ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಬಂಡಿಯ ಹಾಗೆ ಜಗ್ಗಿಸುತ್ತಿದ್ದರು. ಅದು ಕಲ್ಲಿಗೆ ಸಿಕ್ಕರೆ ಮುಂದಿನ ಗಾಲಿ ಎದ್ದು ಟ್ರ್ಯಾಕ್ಟರ್ ಡ್ರೈವರನ ಮೈಮೇಲೆ ಮಗುಚುತ್ತಿತ್ತು.

ಫರ್ಗ್ಯುಸನ್ನರು ವರ್ಷಗಟ್ಟಲೆ ಪ್ರಯೋಗ ಮಾಡಿ, ನೇಗಿಲನ್ನು ಮೂರು ಕಡೆ ಜೋಡಿಸಿ ಹೈಡ್ರಾಲಿಕ್‌ನಿಂದ ಎತ್ತಿ ಇಳಿಸುವಂತೆ ಮಾಡಿದರು. ನೇಗಿಲಿನ ಜಗ್ಗಾಟವೇ ಹಿಂದಿನ ಗಾಲಿಯನ್ನು ನೆಲಕ್ಕೆ ಒತ್ತಿತು, ಹಗುರ ಟ್ರ್ಯಾಕ್ಟರ್ ಭಾರದ ಟ್ರ್ಯಾಕ್ಟರಿನ ಕೆಲಸ ಮಾಡಿತು. 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಇಂಥವು 5 ಲಕ್ಷಕ್ಕೂ ಹೆಚ್ಚು ತಯಾರಾದವು. 1953ರಲ್ಲಿ ಅವರ ಕಂಪನಿ ಮ್ಯಾಸಿ ಹ್ಯಾರಿಸ್ ಜೊತೆ ಕೂಡಿತು. 1960ರಲ್ಲಿ ಅವರು ತೀರಿಕೊಂಡರು.

ನಾಲ್ಕೈದು ಎಕರೆಯ ನಮ್ಮ ಸದಸ್ಯ ಬಾಂಧವರು ಸಂಘದ ಸಾಲದಾಗ ಟ್ರ್ಯಾಕ್ಟರ್ ಕೊಳ್ಳುವಾಗ ಹಾರ್ಸ್‌ಪವರ್ ಒಂದನ್ನೇ ನೋಡಬಾರದು. ಲಿಫ್ಟ್ ಎಷ್ಟು ಭಾರ ಎತ್ತುತ್ತದೆ, ನಮ್ಮ ಕೂರಿಗಿ-ಕುಂಟಿ ಹೊಂದುತ್ತವೆಯೇ, ಹತ್ತಿ-ಮೆಣಸಿನಕಾಯಿ ಸಾಲಿನಾಗ ಗಾಲಿ ಹಾಯುತ್ತದೆಯೇ ಎಂದು ನೋಡಬೇಕು. ಎರಿ ಹೊಲದ ಆಳ ಉಳುಮೆಗೆ ವರ್ಷಕ್ಕೊಮ್ಮೆ ದೊಡ್ಡದನ್ನು ಬಾಡಿಗೆಗೆ ಕರೆದರಾಯಿತು. ದೊಡ್ಡ ಟ್ರ್ಯಾಕ್ಟರ್ ಅಂಗಳದಾಗ ನಿಂತರೂ ಸಾಲದ ಕಂತು ನಿಲ್ಲೋದಿಲ್ಲ.