ಕಡಲನೀರಿನ ನಾಡಿ ಹಿಡಿದವರು

ನನ್ನ ಓದುಕೋಣೆಯ ಮೂಲೆಯಲ್ಲಿ 200 ಲೀಟರ್ ಉಪ್ಪುನೀರು ಹಿಡಿಯುವ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿ ಎರಡು ಕ್ಲೌನ್ ಮೀನುಗಳೂ ಕೆಲವು ಹವಳಗಳೂ ಬಾಳುತ್ತಿವೆ. ಅದನ್ನು ಇರಿಸಿದ ಮೊದಲ ಮಳೆಗಾಲದಲ್ಲಿ, ಕಿಟಕಿಗಳನ್ನೆಲ್ಲ ಮುಚ್ಚಿ ಕುಳಿತಿದ್ದ ದಿನಗಳಲ್ಲಿ, ಬೆಳಗ್ಗೆ ನೀರಿನ ಪಿಎಚ್ ಅಳೆದಾಗಲೆಲ್ಲ 7.8 ಎಂದು ಬರುತ್ತಿತ್ತು. 8.1ರಿಂದ 8.4ರವರೆಗೆ ಇರಬೇಕೆಂದು ಓದಿದ್ದ ನಾನು ಗಾಬರಿಗೊಂಡು ದಿನವೂ ಸೋಡಾಪುಡಿಯನ್ನು ಕರಗಿಸಿ ಹೊಯ್ದೆ. ಸಂಖ್ಯೆ ಒಂದು ಗಳಿಗೆ ಏರುವುದು, ಮರುದಿನ ಮತ್ತೆ ಇಳಿಯುವುದು. ಎಂಟನೆಯ ದಿನ ನೀರು ಹಾಲು ಬೆರೆಸಿದಂತಾಯಿತು. ಸುಣ್ಣದ ಅಂಶ ಬೇರ್ಪಟ್ಟು ತಳಕ್ಕಿಳಿಯಿತು. ಒಂದು ಹವಳ ಸತ್ತಿತು. ತಪ್ಪು ನನ್ನದೇ. ಆದರೆ ಎಲ್ಲಿ ತಪ್ಪಿದೆನೆಂಬುದು ತಿಳಿದದ್ದು, ಆ ಸಂಖ್ಯೆಯನ್ನು ಲೋಕಕ್ಕೆ ಕೊಟ್ಟ ಡೆನ್ಮಾರ್ಕಿನ ರಸಾಯನ ವಿಜ್ಞಾನಿಯ ಬಾಳನ್ನು ಓದಿದ ಮೇಲೆ.

ಸೋರೆನ್ ಪೆಡರ್ ಲೌರಿಟ್ಸ್ ಸೋರೆನ್‌ಸೆನ್ನರು 1868ರ ಜನವರಿ 9ರಂದು ಹಾವ್ರೆಬಿಯರ್ ಎಂಬ ಊರಿನಲ್ಲಿ ರೈತನೊಬ್ಬನ ಮಗನಾಗಿ ಹುಟ್ಟಿದರು. 18ನೆಯ ವಯಸ್ಸಿನಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯವನ್ನು ಸೇರಿದ್ದು ವೈದ್ಯರಾಗಬೇಕೆಂದು. ಯೋರ್ಗೆನ್‌ಸೆನ್ ಎಂಬ ಗುರುಗಳ ಪ್ರಭಾವದಿಂದ ರಸಾಯನಶಾಸ್ತ್ರಕ್ಕೆ ಒಲಿದರು. 1899ರಲ್ಲಿ ಡಾಕ್ಟರೇಟ್ ಪಡೆದರು. 1901ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ರಸಾಯನ ವಿಭಾಗದಲ್ಲಿ, ಹಿಂದಿನ ವರ್ಷ ತೀರಿಕೊಂಡಿದ್ದ ಕೆಲ್ಡಾಲರ ಸ್ಥಾನಕ್ಕೆ ಬಂದರು. ಅದು ಬಿಯರ್ ಕಾರ್ಖಾನೆಯ ಒಡೆಯರಾದ ಯಾಕೊಬ್‌ಸೆನ್ನರು 1875ರಲ್ಲಿ ಸ್ಥಾಪಿಸಿದ ಸಂಸ್ಥೆ. ಅಲ್ಲಿ ಕಂಡುಕೊಂಡ ಶಾಸ್ತ್ರವಿಚಾರ ಯಾವುದನ್ನೂ ಗುಟ್ಟಾಗಿಡಕೂಡದೆಂಬುದು ಆ ಮಹನೀಯರ ಕಟ್ಟಳೆ. ಮದ್ಯದ ಮನೆಯಲ್ಲಿ ಇಂಥ ವಿದ್ಯಾದಾನ ನಡೆಯಿತೆಂಬುದನ್ನು ನಮ್ಮ ಮಡಿವಂತರು ಹೇಗೆ ಸ್ವೀಕರಿಸುವರೋ ಕಾಣೆ.

ಬಿಯರಿನ ಹುದುಗು ಕಿಣ್ವಗಳ ಕೆಲಸ. ದ್ರವದ ಹುಳಿಗೆ ತಕ್ಕಂತೆ ಕಿಣ್ವಗಳು ಚುರುಕಾಗುತ್ತವೆ, ಮಂಕಾಗುತ್ತವೆ. ಆದರೆ ಹುಳಿಯನ್ನು ಅಳೆಯುವುದೆಂತು? ಕ್ಷಾರವನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಒಟ್ಟು ಆಮ್ಲವೆಷ್ಟಿದೆಯೆಂದು ಲೆಕ್ಕ ಹಾಕುವುದು ಅಂದಿನ ವಾಡಿಕೆ. ಕಿಣ್ವಕ್ಕೆ ತಾಗುವುದು ಈ ಒಟ್ಟು ಮೊತ್ತವಲ್ಲ, ಆ ಗಳಿಗೆಯಲ್ಲಿ ಬಿಡಿಯಾಗಿ ಓಡಾಡುತ್ತಿರುವ ಜಲಜನಕದ ಅಯಾನುಗಳು ಎಂಬುದನ್ನು ಸೋರೆನ್‌ಸೆನ್ನರು ಎತ್ತಿ ತೋರಿಸಿದರು. ಸಮಾನ ಸಾಂದ್ರತೆಯ ಅಸಿಟಿಕ್ ಆಮ್ಲವನ್ನೂ ಹೈಡ್ರೋಕ್ಲೋರಿಕ್ ಆಮ್ಲವನ್ನೂ ತಣಿಸಲು ಬೇಕಾಗುವ ಕ್ಷಾರ ಒಂದೇ ಅಳತೆಯದು. ಆದರೂ ಮೊದಲನೆಯದರಲ್ಲಿ ಬಿಡಿ ಅಯಾನುಗಳು ತೀರ ವಿರಳ. ಮನೆತನದ ಆಸ್ತಿಯೇ ಬೇರೆ, ಕೈಯಲ್ಲಿ ಓಡಾಡುವ ದುಡ್ಡೇ ಬೇರೆಯಲ್ಲವೆ?

ಶುದ್ಧವಾದ ಒಂದು ಲೀಟರ್ ನೀರಿನಲ್ಲಿ ಅಂಥ ಅಯಾನುಗಳು 0.0000001 ಮೋಲ್‌ನಷ್ಟು. ಈ ಸೊನ್ನೆಗಳ ಸಾಲನ್ನು ಹೊತ್ತು ತಿರುಗುವ ಬದಲು, 1909ರ ಪ್ರಬಂಧದಲ್ಲಿ ಅವರು ಹತ್ತರ ಘಾತವನ್ನಷ್ಟೇ ಉಳಿಸಿಕೊಂಡು 7 ಎಂದರು. ಪಿಎಚ್ ಹುಟ್ಟಿದ್ದು ಹೀಗೆ. ಒಂದಂಕ ಇಳಿದರೆ ಅಯಾನುಗಳು ಹತ್ತುಪಟ್ಟು, 0.3 ಇಳಿದರೆ ಇಮ್ಮಡಿ. ಎಚ್ ಎಂಬುದು ಜಲಜನಕವನ್ನು ಸೂಚಿಸುತ್ತದೆ. ಪಿ ಏನೆಂದು ಅವರು ಬಿಡಿಸಿ ಹೇಳಲಿಲ್ಲವಾಗಿ ಪಂಡಿತರ ಜಗಳ ಇಂದಿಗೂ ಮುಗಿದಿಲ್ಲ.

1910ರಲ್ಲಿ ಸಹೋದ್ಯೋಗಿ ಪಾಲಿಟ್ಸ್‌ಶ್ ಅವರೊಡನೆ ಕಡಲನೀರಿಗೆ ಕೈಹಾಕಿದರು. ಬಣ್ಣ ಬದಲಿಸುವ ಸೂಚಕದ ಹನಿಯನ್ನು ನೀರಿಗೆ ಬಿಟ್ಟು, ಪಿಎಚ್ ಗೊತ್ತಿರುವ ಬಫರ್ ದ್ರಾವಣಗಳೊಡನೆ ಹೋಲಿಸಿ ನೋಡುವುದು ಅವರ ವಿಧಾನ. ಆದರೆ ಉಪ್ಪು ಬಣ್ಣದಲ್ಲಿ ಸುಳ್ಳಾಡಿಸುತ್ತದೆ. ಪಿಎಚ್ ಒಂದೇ ಆದರೂ ಉಪ್ಪುನೀರಿನಲ್ಲಿ ಬಣ್ಣ ಬೇರೆಯಾಗಿ ತೋರುತ್ತದೆ. ಈ ಲವಣದೋಷವನ್ನೂ ಅವರು ಅಳೆದು, ತಿದ್ದುಪಡಿಯನ್ನು ಕೊಟ್ಟರು. ಅದೇ ವರ್ಷ ಪಾಲಿಟ್ಸ್‌ಶ್ ಅವರು ಥೋರ್ ಎಂಬ ಹಡಗಿನಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಸಂಚರಿಸಿ ಪಿಎಚ್ ಅಳೆದು ಬಂದರು. ಸಿಹಿನೀರಿಗೆಂದು ಮಾಡಿದ ಬಣ್ಣದ ಪಟ್ಟಿಯನ್ನು ಕಡಲಮೀನಿನ ತೊಟ್ಟಿಗೆ ಹಿಡಿಯಬಾರದೆಂಬ ಎಚ್ಚರಿಕೆಯ ಮೂಲ ಇಲ್ಲಿದೆ.

ನನ್ನ ತಪ್ಪು ಇನ್ನೊಂದು ಬಗೆಯದು. ನೀರಿನ ಕ್ಷಾರಬಲ, ಎಂದರೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ, ಮೊದಲೇ 8 ಡಿಗ್ರಿ ಇತ್ತು, ಅಷ್ಟು ಸಾಕು. ಅದನ್ನು ನೋಡದೆ ಪಿಎಚ್ ಒಂದನ್ನೇ ನಂಬಿ, 14 ಡಿಗ್ರಿಯವರೆಗೆ ಏರಿಸಿದೆ. ಆಸ್ತಿ ಸಾಕಷ್ಟಿದ್ದ ಮನೆಗೆ ಮತ್ತೆ ಆಸ್ತಿ ಸುರಿದಂತಾಯಿತು. ಪಿಎಚ್ ಇಳಿಸುತ್ತಿದ್ದುದು ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡ ನಮ್ಮ ಉಸಿರಿನ ಇಂಗಾಲಾಮ್ಲವಾಯು. ಹಗಲಿನಲ್ಲಿ ಪಾಚಿ ಅದನ್ನು ಹೀರುತ್ತದೆ. ಕತ್ತಲಾದರೆ ಪಾಚಿಯೂ ಮೀನಿನ ಹಾಗೆ ಆ ವಾಯುವನ್ನು ಬಿಡುವುದೇ. ಒಂದು ಲೋಟ ನೀರನ್ನು ಅಂಗಳಕ್ಕೊಯ್ದು ಒಂದು ಗಂಟೆ ಹೊರಗಾಳಿ ಊದಿ ಅಳೆದೆ: 8.2! ಸೋಡಾವನ್ನು ನಿಲ್ಲಿಸಿ, ಗಾಳಿಯ ಕೊಳವೆಯನ್ನು ಕಿಟಕಿಯಿಂದಾಚೆಗೆ ಹಾಯಿಸಿ, ಪಕ್ಕದ ಪಾಚಿಯ ಗೂಡಿಗೆ ರಾತ್ರಿ ದೀಪವಿಟ್ಟೆ. ನೀರನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತ ಬಂದಂತೆ ಕ್ಷಾರಬಲವೂ ಇಳಿದು ಬಂತು. ಬೆಳಗಿನ ಅಳತೆ 8.1ರಲ್ಲಿ ನಿಂತಿತು.

ಸೋರೆನ್‌ಸೆನ್ನರು ಆಮೇಲೆ ಮೊಟ್ಟೆಯ ಬಿಳಿಯ ಪ್ರೋಟೀನನ್ನು ಕುರಿತು ವರ್ಷಗಟ್ಟಲೆ ದುಡಿದರು. ಪತ್ನಿ ಮಾರ್ಗ್ರೇಥೆಯವರೂ ಆ ಪ್ರಯೋಗಗಳಲ್ಲಿ ಜೊತೆಗೂಡಿದ್ದರು. ನೊಬೆಲ್ ಪಾರಿತೋಷಕ ಅವರಿಗೆ ಬರಲಿಲ್ಲ. ನಾನು ಹೆಚ್ಚಾಗಿ ಮೆಚ್ಚುವುದು ಅವರ 1924ರ ನಡೆಯನ್ನು. ಅಯಾನುಗಳ ಎಣಿಕೆಗಿಂತ ಅವುಗಳ ಸಕ್ರಿಯತೆಯೇ ಸರಿಯಾದ ಅಳತೆಯೆಂದು ಅರಿವಾದಾಗ, ಕಿರಿಯರಾದ ಲಿಂಡರ್‌ಸ್ಟ್ರೋಮ್-ಲಾಂಗ್ ಅವರೊಡನೆ ಸೇರಿ, ಲೋಕವೆಲ್ಲ ಒಪ್ಪಿಕೊಂಡಿದ್ದ ತಮ್ಮ ನಿರೂಪಣೆಯನ್ನು ತಾವೇ ತಿದ್ದಿದರು. ಆಗ ಅವರಿಗೆ 56 ವರ್ಷ. 1938ರಲ್ಲಿ ನಿವೃತ್ತರಾಗಿ, ಮರುವರ್ಷ ಫೆಬ್ರವರಿ 12ರಂದು ಕೋಪನ್‌ಹೇಗನ್ನಿನ ಬಳಿಯ ಶಾರ್ಲೊಟ್ಟೆನ್‌ಲುಂಡ್‌ನಲ್ಲಿ ತೀರಿಕೊಂಡರು.