ಅಂಗಿಯನ್ನೂ ಸೋತ ಜೂಜುಗಾರ ಸಂತರಾದರು



ಇಸ್ಪೀಟಿಗೋ ಫೋನಿನ ಬೆಟ್ಟಿಂಗಿಗೋ ದುಡಿದ ಹಣ ಸುರಿದವರು ಹಿಂದೂಪುರದಲ್ಲೂ ಇದ್ದಾರೆ, ಕಲ್ಯಾಣದುರ್ಗದಲ್ಲೂ ಇದ್ದಾರೆ. ನಮ್ಮ ಯುವಕೂಟಕ್ಕೆ ಬರುತ್ತಿದ್ದ ಒಬ್ಬ ತಮ್ಮ, ಸಾಲ ಮಾಡಿಕೊಂಡ ನಾಚಿಕೆಗೆ ಈಗ ಪೂಜೆಗೂ ಬರುತ್ತಿಲ್ಲ. ನಾವೂ ಹೋಗಿ ಕರೆಯಲಿಲ್ಲ. ಜುಲೈ 14ರಂದು ಸ್ಮರಿಸುವ ಸಂತ ಕಮಿಲಸ್ ಡಿ ಲೆಲ್ಲಿಸ್ ಅವರ ಜೀವನ ಓದುವಾಗ ಆ ತಮ್ಮನೇ ನೆನಪಾದ.

ಕಮಿಲಸ್ 1550ರ ಮೇ 25ರಂದು ಇಟಲಿಯ ಬುಕ್ಕಿಯಾನಿಕೊ ಊರಿನಲ್ಲಿ ಹುಟ್ಟಿದರು. ಚಿಕ್ಕ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡರು. ತಂದೆ ಸೈನಿಕ, ಮಗನೂ ಸೈನ್ಯದ ದಾರಿ ಹಿಡಿದರು. ಆರಡಿ ಮೀರಿದ ಆಳು, ಮುಂಗೋಪಿ, ಜೂಜಿನ ಹುಚ್ಚು ಬೇರೆ. ಕಾಲಿನಲ್ಲಿ ಮಾಯದ ಹುಣ್ಣು. ಅದರ ಚಿಕಿತ್ಸೆಗೆ 1571ರಲ್ಲಿ ರೋಮಿನ ಸಂತ ಯಕೋಬರ ಆಸ್ಪತ್ರೆ ಸೇರಿ, ಅಲ್ಲೇ ಕೆಲಸಕ್ಕೂ ನಿಂತರು. ಜೂಜು, ಜಗಳ ಬಿಡಲಿಲ್ಲವೆಂದು ಆಸ್ಪತ್ರೆಯವರು ಹೊರಗೆ ಕಳಿಸಿದರು.

1574ರಲ್ಲಿ ನೇಪಲ್ಸ್ ನಗರದಲ್ಲಿ ಇದ್ದದ್ದೆಲ್ಲ ಪಣಕ್ಕಿಟ್ಟು ಸೋತರು. ಮೈಮೇಲಿನ ಅಂಗಿಯೂ ಹೋಯಿತು. ಬೇಡಿ ತಿನ್ನುವ ಸ್ಥಿತಿ ಬಂತು. ಕೊನೆಗೆ ಮಾನ್‌ಫ್ರೆಡೋನಿಯಾದಲ್ಲಿ ಕಪುಚಿನ್ ಮಠ ಕಟ್ಟುವಲ್ಲಿ ಕೂಲಿಗೆ ಸೇರಿದರು. ಒಮ್ಮೆ ಕೆಲಸದ ಮೇಲೆ, ಮುಂದೆ ಪಾದ್ರೆ ಪಿಯೋ ಅವರಿಂದ ಹೆಸರಾದ ಸಾನ್ ಜೊವಾನ್ನಿ ರೊತೊಂದೊ ಊರಿಗೆ ಹೋದಾಗ, ಅಲ್ಲಿನ ಮಠದ ಹಿರಿಯರು ದೇವರ ಬಗ್ಗೆ ನಾಲ್ಕು ಮಾತು ಹೇಳಿದರು. ಮರುದಿನ, 1575ರ ಫೆಬ್ರವರಿ 2ರಂದು, ವಾಪಸಾಗುವ ದಾರಿಯಲ್ಲಿ ಆ ಮಾತು ಎದೆಗೆ ನಾಟಿತು. ಕಮಿಲಸ್ ನೆಲದ ಮೇಲೆ ಮೊಣಕಾಲೂರಿ ಅತ್ತರು. ಆಗ ಅವರಿಗೆ 24 ವರ್ಷ.

ಕಪುಚಿನ್ ಸಭೆ ಸೇರಿದರು, ಆದರೆ ಹುಣ್ಣು ಮತ್ತೆ ಬಾಯಿಬಿಟ್ಟಿದ್ದರಿಂದ ಹೊರಬರಬೇಕಾಯಿತು. ಎರಡನೇ ಸಲವೂ ಹಾಗೇ ಆಯಿತು. ದೇವರು ಮನಸ್ಸನ್ನು ತಿರುಗಿಸಿದರು, ಹುಣ್ಣನ್ನು ಉಳಿಸಿದರು. ಆ ಹುಣ್ಣೇ ಅವರನ್ನು ಹಿಂದೆ ಹೊರಹಾಕಿದ್ದ ಆಸ್ಪತ್ರೆಗೆ ಮರಳಿ ತಂದಿತು. ಈ ಸಲ ಅಲ್ಲಿನ ಮೇಲ್ವಿಚಾರಕರೇ ಆದರು. ಸಂಬಳದ ಆಳುಗಳು ರೋಗಿಗಳನ್ನು ಕಡೆಗಣಿಸುವುದನ್ನು ಕಂಡು, ಪ್ರೀತಿಯಿಂದ ಸೇವೆ ಮಾಡುವವರ ಬಳಗ ಕಟ್ಟಿದರು. ಸಂತ ಫಿಲಿಪ್ ನೇರಿ ಅವರ ಆತ್ಮಿಕ ಮಾರ್ಗದರ್ಶಿ. 1584ರಲ್ಲಿ ಗುರುದೀಕ್ಷೆ; 1591ರಲ್ಲಿ ಆ ಬಳಗ ಧಾರ್ಮಿಕ ಸಭೆಯಾಯಿತು. ಪ್ರಾಣ ಹೋಗುವ ಅಪಾಯವಿದ್ದರೂ ರೋಗಿಯನ್ನು ಬಿಡುವುದಿಲ್ಲವೆಂಬುದು ಅವರ ವ್ರತ. ಎದೆಯ ಮೇಲಿನ ಕೆಂಪು ಶಿಲುಬೆ ಅವರ ಗುರುತು. 1614ರ ಜುಲೈ 14ರಂದು ಕಮಿಲಸ್ ತೀರಿಕೊಂಡರು. 1746ರಲ್ಲಿ ಸಂತ ಪದವಿ ದೊರೆಯಿತು.

ನಮ್ಮ ಮಂದಿ ಚಿಕಿತ್ಸೆಗೆ ಹೋಗುವ ಬೆಂಗಳೂರಿನಲ್ಲೂ ಅವರ ಸಭೆಯಿದೆ. ಸರ್ಜಾಪುರ ರಸ್ತೆಯ ಸ್ನೇಹದಾನದಲ್ಲಿ ಕಮಿಲಿಯನ್ ಗುರುಗಳು ಎಚ್‌ಐವಿ ಪೀಡಿತರ ಆರೈಕೆಗೆ ನಿಂತವರು.

ಬಿಡು ಎಂದು ಬೈದರೆ ಚಟ ಹೋಗುವುದಿಲ್ಲ. ದಾಳ ಹಿಡಿದ ಕೈಗೆ ಹಿಡಿಯಲು ಇನ್ನೊಂದು ಕೈ ಸಿಗಬೇಕು. ಈ ಭಾನುವಾರ ಪೂಜೆ ಮುಗಿಸಿ ನಾವು ಆ ತಮ್ಮನ ಮನೆಗೆ ಹೋಗುತ್ತೇವೆ. ಉಪದೇಶಕ್ಕಲ್ಲ, ನಮ್ಮೊಡನೆ ಒಬ್ಬ ರೋಗಿಯನ್ನು ನೋಡಲು ಬಾ ಎಂದು ಕರೆಯುವುದಕ್ಕೆ. ನೀವೂ ನಿಮ್ಮ ಬೀದಿಯ ಒಬ್ಬರನ್ನು ಕರೆಯಿರಿ.

ಸಂತ ಕಮಿಲಸರೇ, ನಮಗಾಗಿ ಪ್ರಾರ್ಥಿಸಿರಿ.